ಚುಕ್ಕಿಯನ್ನು ಕೊನೆಗೆ ನೋಡಿ: ಬಂಡೆಗುಂಡಿಯ ಪುಟ್ಟ ಮೀನನ್ನು ಗುರುತಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ದೀಪ ಆರಿಸಿದರೆ ಪರದೆ ಚೆನ್ನಾಗಿ ಕಾಣುತ್ತದೆ. ಹಾಂ, ಸಾಕು.

ಈ ಫೋಟೊ ನೋಡಿ. ಉಷ್ಣವಲಯದ ಒಂದು ಕಲ್ಲುತೀರ. ಸಮುದ್ರ ಇಳಿದಿದೆ. ಬಂಡೆಗಳ ನಡುವಿನ ಗುಂಡಿಯಲ್ಲಿ ಎರಡು ಬಕೆಟ್‌ನಷ್ಟು ನೀರು ಉಳಿದುಕೊಂಡಿದೆ. ತಳದಲ್ಲಿ ಬೆರಳುದ್ದದ ಮೀನು. ಕಂದು ಮೈ, ಮೈತುಂಬ ಚುಕ್ಕಿ. ಫೋಟೊ ಕಳಿಸಿದವರು ಅದರ ಜೊತೆ ಒಂದೇ ಸಾಲು ಬರೆದಿದ್ದರು: ‘ಚುಕ್ಕಿ ಇರೋ ಚಿಕ್ಕ ಮೀನು, ಹೆಸರೇನು?’

ಇಂಥ ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಮಾತು ಚುಕ್ಕಿಯಿಂದಲೇ ಶುರುವಾಗುತ್ತದೆ. ಸಹಜ, ಮೊದಲು ಕಣ್ಣಿಗೆ ಬೀಳುವುದೇ ಅದು. ಆದರೆ ಬಂಡೆಗುಂಡಿಯಲ್ಲಿ ಚುಕ್ಕಿ ಇಲ್ಲದ ಮೀನು ಹುಡುಕುವುದೇ ಕಷ್ಟ. ಅಲ್ಲಿನ ತಳ ಹೇಗಿರುತ್ತದೆ ಯೋಚಿಸಿ. ಮರಳು, ಚಿಪ್ಪಿನ ಚೂರು, ಗುಲಾಬಿ ಬಣ್ಣದ ಸುಣ್ಣದ ಪಾಚಿ, ಬಂಡೆಗೆ ಅಂಟಿದ ಬಾರ್ನಕಲ್ ಎಂಬ ಚಿಪ್ಪುಜೀವಿಗಳು, ಮೇಲಿನಿಂದ ಬಿದ್ದು ಅಲುಗಾಡುವ ಬಿಸಿಲು. ಆ ತಳವೇ ಚುಕ್ಕಿ ಚುಕ್ಕಿ. ಮೇಲೆ ಹಕ್ಕಿ ಕಾಯುತ್ತಿರುತ್ತದೆ. ಅಂಥ ಕಡೆ ಬದುಕುವ ಮೀನಿಗೆ ಒಂದೇ ಬಣ್ಣದ ನುಣುಪು ಮೈ ಇದ್ದರೆ ಕಥೆ ಮುಗಿದಂತೆ. ಹಾಗಾಗಿ ಒಂದಕ್ಕೊಂದು ಸಂಬಂಧವೇ ಇಲ್ಲದ ಆರೇಳು ಕುಟುಂಬಗಳ ಮೀನುಗಳು ಅದೇ ಥರದ ಅಂಗಿ ತೊಟ್ಟು ಕೂತಿವೆ. ಅಂಗಿ ನೋಡಿ ಮನೆತನ ಹೇಳೋಕಾಗಲ್ಲ, ಅಲ್ವಾ?

ಇನ್ನೊಂದು ತೊಂದರೆ, ಆ ಅಂಗಿ ಬದಲಾಗುತ್ತಲೇ ಇರುತ್ತದೆ. ನಾನು ಮೊದಮೊದಲು ಮೀನು ನೋಡಲು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬ ಒಯ್ಯುತ್ತಿದ್ದೆ. ಕಪ್ಪು ಬಂಡೆಯ ಗುಂಡಿಯಿಂದ ಕಡುಕಂದು ಮೀನೊಂದನ್ನು ಅದಕ್ಕೆ ಹಾಕಿ, ಪಕ್ಕಕ್ಕೆ ತಿರುಗಿ ನೋಟ್‌ಬುಕ್ ತೆಗೆದೆ. ತಿರುಗಿ ನೋಡಿದರೆ ಡಬ್ಬದಲ್ಲಿ ತಿಳಿ ಮರಳು ಬಣ್ಣದ ಮೀನು. ಮೈಮೇಲಿನ ಪಟ್ಟೆಗಳು ಮಾಯ, ಅದರ ಬದಲು ಅಲ್ಲಲ್ಲಿ ಮಸುಕು ಚುಕ್ಕಿ. ಒಂದು ಕ್ಷಣ ಮೀನೇ ಬದಲಾಯಿತೇನೋ ಅನ್ನಿಸಿತು. ಬದಲಾಗಿದ್ದು ಚರ್ಮದ ಬಣ್ಣದ ಕೋಶಗಳು. ಅವುಗಳೊಳಗೆ ಕಪ್ಪು ಕಣಗಳಿರುತ್ತವೆ. ಕಣಗಳು ಕೋಶದ ತುಂಬ ಹರಡಿದರೆ ಮೈ ಕಪ್ಪಾಗುತ್ತದೆ, ನಡುವೆ ಗುಂಪುಗೂಡಿದರೆ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕಿಲ್ಲ, ಕೆಲವೇ ನಿಮಿಷ ಸಾಕು. ಹೆದರಿದಾಗ ಒಂದು ಬಣ್ಣ, ಹೆಣ್ಣನ್ನು ಕರೆಯುವಾಗ ಇನ್ನೊಂದು, ರಾತ್ರಿ ಮತ್ತೊಂದು.

ಒಂದೇ ಪ್ರಭೇದದಲ್ಲಿ ಗಂಡು ಹೆಣ್ಣುಗಳ ವೇಷವೂ ಬೇರೆ ಇರಬಹುದು. ಹಿಂದೂ ಮತ್ತು ಪೆಸಿಫಿಕ್ ಮಹಾಸಾಗರಗಳ ತೀರದಲ್ಲಿ ಇಸ್ಟಿಬ್ಲೆನಿಯಸ್ ಎಡೆಂಟ್ಯುಲಸ್ ಎಂಬ ಮೀನಿದೆ. ಗಂಡಿನ ಮೈಮೇಲೆ ಅಡ್ಡಪಟ್ಟೆ, ತಲೆಯ ಮೇಲೆ ಕೋಳಿಯ ಜುಟ್ಟಿನಂಥ ಚರ್ಮ. ಹೆಣ್ಣಿಗೆ ಆ ಜುಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಮೈಯ ಹಿಂಭಾಗದಲ್ಲಿ ಸಣ್ಣ ಕಪ್ಪು ಚುಕ್ಕಿಗಳು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಯಾರಾದರೂ ಎರಡು ಬೇರೆ ಮೀನು ಅನ್ನುತ್ತಾರೆ.

ಅದಕ್ಕೇ ಹೇಳುವುದು, ಚುಕ್ಕಿಯನ್ನು ಕೈಯಿಂದ ಮುಚ್ಚಿಕೊಳ್ಳಿ. ನಿಜವಾಗಲೂ ಫೋಟೊ ಮೇಲೆ ಬೆರಳಿಡಿ. ಉಳಿದದ್ದು ಏನು? ಮೈಯ ಆಕಾರ, ಬಾಯಿ, ರೆಕ್ಕೆಗಳು. ಜೊತೆಗೆ ಫೋಟೊದಲ್ಲಿ ಇಲ್ಲದ ಒಂದು ವಿಷಯ: ಇದು ಯಾವ ಸಮುದ್ರ?

ಮೊದಲು ಜಾಗ

‘ಉಷ್ಣವಲಯ’ ಅಂದರೆ ಒಂದೇ ಊರಲ್ಲ. ತೀರದ ಮೀನುಗಳ ಮಟ್ಟಿಗೆ ಅದರಲ್ಲಿ ದೊಡ್ಡ ದೊಡ್ಡ ಕೋಣೆಗಳಿವೆ. ಕೆಂಪು ಸಮುದ್ರದಿಂದ ಪೆಸಿಫಿಕ್‌ನ ನಡುವಿನ ದ್ವೀಪಗಳವರೆಗೆ ಒಂದು ಭಾರೀ ಕೋಣೆ. ಅಮೆರಿಕದ ಪಶ್ಚಿಮ ತೀರ ಇನ್ನೊಂದು. ಕೆರಿಬಿಯನ್ ಮತ್ತು ಬ್ರೆಜಿಲ್ ಕಡೆಯದ್ದು ಮತ್ತೊಂದು. ಆಫ್ರಿಕದ ಪಶ್ಚಿಮ ತೀರ ಬೇರೆಯೇ. ಒಂದು ಕೋಣೆಯ ಮೀನು ಇನ್ನೊಂದರಲ್ಲಿ ಇರುವುದು ಅಪರೂಪ, ಅದರ ನೆಂಟ ಮಾತ್ರ ಸಾಮಾನ್ಯವಾಗಿ ಇರುತ್ತದೆ.

ಪನಾಮದ ಕಥೆ ಕೇಳಿ. ಉತ್ತರ ಮತ್ತು ದಕ್ಷಿಣ ಅಮೆರಿಕವನ್ನು ಜೋಡಿಸುವ ಆ ಸಣ್ಣ ನೆಲದ ಪಟ್ಟಿ ಪೂರ್ತಿ ಮೇಲೆದ್ದಿದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ. ಅದಕ್ಕೂ ಮುಂಚೆ ಎರಡೂ ಕಡೆಯ ನೀರು ಒಂದೇ ಆಗಿತ್ತು. ನಡುವೆ ಗೋಡೆ ಎದ್ದ ಮೇಲೆ ಒಂದೇ ಮೀನಿನ ಎರಡು ಬಳಗಗಳು ಬೇರೆ ಬೇರೆಯಾಗಿ ಬೆಳೆದವು. ಇಂಥ ಜೋಡಿಗಳ ಬಗ್ಗೆ 1908ರಲ್ಲೇ ಡೇವಿಡ್ ಸ್ಟಾರ್ ಜೋರ್ಡನ್ ಎಂಬ ಮೀನುತಜ್ಞ ಬರೆದು, ‘ಅವಳಿ ಪ್ರಭೇದಗಳು’ ಎಂಬ ಅರ್ಥದ ಹೆಸರನ್ನೇ ಕೊಟ್ಟ. ಪಟ್ಟೆಪಟ್ಟೆಯ ಸಾರ್ಜೆಂಟ್ ಮೀನು ಗೊತ್ತಲ್ಲ? ಅಟ್ಲಾಂಟಿಕ್ ಕಡೆ ಸಿಕ್ಕರೆ ಅದು ಅಬುಡೆಫ್‌ಡಫ್ ಸಾಕ್ಸಾಟಿಲಿಸ್. ಗೋಡೆಯ ಆಚೆ ಪೆಸಿಫಿಕ್ ಕಡೆ ಸಿಕ್ಕರೆ ಅಬುಡೆಫ್‌ಡಫ್ ಟ್ರೋಶೆಲಿ. ಮಸುಕು ಫೋಟೊದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎಲ್ಲಿ ತೆಗೆದ ಫೋಟೊ ಅನ್ನುವುದು ಗೊತ್ತಿದ್ದರೆ ಮಾತ್ರ ಒಂದೇ ಏಟಿಗೆ ಉತ್ತರ.

ಗುಂಡಿ ಬಂಡೆಯ ಯಾವ ಎತ್ತರದಲ್ಲಿದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಕೆಳಗಿನ ಗುಂಡಿಗಳನ್ನು ಸಮುದ್ರ ಒಂದೆರಡು ಗಂಟೆ ಬಿಟ್ಟಿರುತ್ತದೆ ಅಷ್ಟೆ, ಹಾಗಾಗಿ ದಾರಿ ತಪ್ಪಿದ ಯಾವ ಮೀನಾದರೂ ಅಲ್ಲಿ ಸಿಗಬಹುದು. ಮೇಲಿನ ಗುಂಡಿ ಬೇರೆ ಲೋಕ. ಮಧ್ಯಾಹ್ನ ಕೈ ಅದ್ದಿದರೆ ಸ್ನಾನದ ನೀರಿನಷ್ಟು ಬಿಸಿ. ಮಳೆ ಬಂದರೆ ಉಪ್ಪು ತೆಳುವಾಗುತ್ತದೆ, ಬಿಸಿಲಿಗೆ ನೀರು ಆವಿಯಾದರೆ ಉಪ್ಪು ಜಾಸ್ತಿಯಾಗುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಆಮ್ಲಜನಕ ಕುಸಿಯುತ್ತದೆ. ಅಲ್ಲಿ ಕಾಯಂ ಬಾಡಿಗೆದಾರರು ಕೆಲವೇ ಮಂದಿ. ಮುಖ್ಯವಾಗಿ ಗೋಬಿ ಮತ್ತು ಬ್ಲೆನಿ ಎಂಬ ಎರಡು ಬಗೆಯ ಪುಟ್ಟ ಮೀನುಗಳು.

ಹೊಟ್ಟೆಯ ಕೆಳಗೆ ಏನಿದೆ?

ಬಂಡೆಗುಂಡಿಯ ತಳದಲ್ಲಿ ಕೂರುವ ಚುಕ್ಕಿಮೀನು ಕಂಡರೆ, ಹೆಚ್ಚಿನ ಸಲ ಪ್ರಶ್ನೆ ಒಂದೇ: ಗೋಬಿಯೋ, ಬ್ಲೆನಿಯೋ? ಇಷ್ಟು ಬಿಡಿಸಿಕೊಂಡರೆ ಅರ್ಧ ಕೆಲಸ ಆಯಿತು. ಗೋಬಿಗಳ ಕುಟುಂಬ ಭಾರೀ ದೊಡ್ಡದು, 1,700ಕ್ಕೂ ಹೆಚ್ಚು ಪ್ರಭೇದಗಳು. ಬ್ಲೆನಿಗಳ ಮುಖ್ಯ ಕುಟುಂಬದಲ್ಲಿ ಸುಮಾರು 400. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ದಪ್ಪ ತಲೆ, ಹಿಂದಕ್ಕೆ ಸಪೂರಾಗುವ ಮೈ, ಮುಂದೆ ಎರಡು ಬೀಸಣಿಗೆ.

ಮೀನನ್ನು ಗಾಜಿನ ಡಬ್ಬಕ್ಕೆ ಹಾಕಿ ಕೆಳಗಿನಿಂದ ನೋಡಿ. ಗೋಬಿಯಲ್ಲಿ ಹೊಟ್ಟೆಯ ಎರಡು ರೆಕ್ಕೆಗಳು ಕೂಡಿಕೊಂಡು ಒಂದು ಬಟ್ಟಲಿನಂತಾಗಿವೆ. ಅದನ್ನು ಬಂಡೆಗೆ ಒತ್ತಿ ಹಿಡಿದರೆ ಅಲೆ ಬಂದರೂ ಮೀನು ಜಾರುವುದಿಲ್ಲ. ಡಬ್ಬದ ಗೋಡೆಗೂ ಹಾಗೆಯೇ ಅಂಟಿಕೊಳ್ಳುತ್ತದೆ, ಆಗ ಬಟ್ಟಲು ಸ್ಪಷ್ಟವಾಗಿ ಕಾಣುತ್ತದೆ. ಬ್ಲೆನಿಯಲ್ಲಿ ಬಟ್ಟಲಿಲ್ಲ. ಗಂಟಲ ಹತ್ತಿರ, ಪಕ್ಕದ ರೆಕ್ಕೆಗಳಿಗಿಂತಲೂ ಮುಂದೆ, ಎರಡು ಸಣ್ಣ ಕಡ್ಡಿಗಳು. ಅವೇ ಹೊಟ್ಟೆಯ ರೆಕ್ಕೆಗಳು, ಅಷ್ಟು ಸವೆದಿವೆ. ಮೀನು ಅವುಗಳ ಮೇಲೆ ಮೊಣಕೈ ಊರಿದಂತೆ ಕೂರುತ್ತದೆ.

ಡಬ್ಬ ಇಲ್ಲದಿದ್ದರೆ ಬೆನ್ನು ನೋಡಿ. ಗೋಬಿಗೆ ಬೆನ್ನಿನ ಮೇಲೆ ಎರಡು ಬೇರೆ ಬೇರೆ ರೆಕ್ಕೆ, ನಡುವೆ ಸಂದು. ಬ್ಲೆನಿಗೆ ತಲೆಯ ಹಿಂದಿನಿಂದ ಬಾಲದವರೆಗೆ ಒಂದೇ ಉದ್ದ ರೆಕ್ಕೆ. ಎಷ್ಟೋ ಬ್ಲೆನಿಗಳಲ್ಲಿ ನಡುವೆ ಒಂದು ತಗ್ಗು ಇರುತ್ತದೆ, ಅದನ್ನು ನೋಡಿ ಎರಡು ರೆಕ್ಕೆ ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೇನೆ! ಬ್ಲೆನಿಗೆ ಹುರುಪೆ ಇರುವುದಿಲ್ಲ, ಮೈ ಲೋಳೆ ಲೋಳೆ. ಕಣ್ಣಿನ ಮೇಲೆ, ಮೂಗಿನ ಹೊಳ್ಳೆಯ ಬಳಿ, ಕೆಲವಕ್ಕೆ ಕತ್ತಿನ ಹಿಂದೆಯೂ ಎಳೆಎಳೆಯಾದ ಚರ್ಮದ ಕುಚ್ಚುಗಳಿರುತ್ತವೆ. ಆ ಕುಚ್ಚುಗಳಿಗೆ ಎಷ್ಟು ಕವಲು ಅನ್ನುವುದರ ಮೇಲೆ ಪ್ರಭೇದವೇ ನಿರ್ಧಾರವಾಗುವುದುಂಟು. ಮುಖವಂತೂ ಗೋಡೆಗೆ ಗುದ್ದಿಕೊಂಡಂತೆ ಚಪ್ಪಟೆ. ಬಾಯಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಹಲ್ಲುಗಳ ಸಾಲು, ಬಂಡೆಯ ಪಾಚಿ ಕೆರೆಯೋಕೆ.

ನಡವಳಿಕೆಯೂ ಸುಳಿವು ಕೊಡುತ್ತದೆ. ನೀವು ಹತ್ತಿರ ಹೋದಾಗ ಮೀನು ನೀರಿನಿಂದ ಹಾರಿ ಒದ್ದೆ ಬಂಡೆಯ ಮೇಲೆ ಜಿಗಿಜಿಗಿದು ಇನ್ನೊಂದು ಗುಂಡಿಗೆ ಹೋಯಿತೇ? ಅದು ಬಹುಪಾಲು ಬ್ಲೆನಿ. ರಾಕ್‌ಸ್ಕಿಪ್ಪರ್ ಎಂದೇ ಅವುಗಳಲ್ಲಿ ಹಲವಕ್ಕೆ ಹೆಸರು. ಬಾಲವನ್ನು ಒಂದು ಕಡೆ ಮಡಚಿ ಚಿಮ್ಮಿಸಿ ಹಾರುತ್ತವೆ. ಗುವಾಮ್ ದ್ವೀಪದ ಆಲ್ಟಿಕಸ್ ಅರ್ನೋಲ್ಡೋರಮ್ ಎಂಬುದು ದೊಡ್ಡದಾದ ಮೇಲೆ ನೀರಿಗಿಂತ ಅಲೆ ಚಿಮುಕುವ ಬಂಡೆಯ ಮೇಲೇ ಬದುಕು ಕಳೆಯುತ್ತದೆ.

‘ಬಹುಪಾಲು’ ಅಂದೆ, ಯಾಕೆಂದರೆ ಹಾರುವ ಗೋಬಿಯೂ ಇದೆ. ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಬಾತಿಗೋಬಿಯಸ್ ಸೊಪೊರೇಟರ್ ಎಂಬ ಅಟ್ಲಾಂಟಿಕ್ ತೀರದ ಗೋಬಿ. ಕೆಣಕಿದರೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಪಕ್ಕದ ಗುಂಡಿ ಅದಕ್ಕೆ ಕಾಣುವುದಿಲ್ಲ, ನಡುವೆ ಬಂಡೆ ಇದೆ. ಆದರೂ ಸರಿಯಾಗಿ ನೀರಿಗೇ ಬೀಳುತ್ತದೆ. ಹೇಗೆ? ಲೆಸ್ಟರ್ ಆರನ್ಸನ್ ಎಂಬ ವಿಜ್ಞಾನಿ 1951ರಲ್ಲಿ ಮತ್ತು ಮತ್ತೆ 1971ರಲ್ಲಿ ಇದರ ಬಗ್ಗೆ ಪ್ರಕಟಿಸಿದ. ಉಬ್ಬರದ ಹೊತ್ತಿನಲ್ಲಿ ಗುಂಡಿಗಳೆಲ್ಲ ಮುಳುಗಿರುವಾಗ ಮೀನು ಅವುಗಳ ಮೇಲೆ ಈಜಾಡಿ, ತಗ್ಗು ಎಲ್ಲಿ, ದಿಬ್ಬ ಎಲ್ಲಿ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಆತ ಕೃತಕ ಗುಂಡಿಗಳನ್ನು ಮಾಡಿ ಪರೀಕ್ಷಿಸಿದ. ಹೊಸದಾಗಿ ತಂದು ಬಿಟ್ಟ ಮೀನುಗಳು ಗುರಿ ತಪ್ಪುತ್ತಿದ್ದವು. ಒಂದೇ ಒಂದು ರಾತ್ರಿ ‘ಉಬ್ಬರ’ದ ನೀರಿನಲ್ಲಿ ಓಡಾಡಲು ಬಿಟ್ಟ ಮೀನುಗಳು ಸರಿಯಾಗಿ ಹಾರಿದವು. ವಾರಗಟ್ಟಲೆ ಬೇರೆ ಕಡೆ ಇಟ್ಟು ತಂದರೂ ಆ ನೆನಪು ಉಳಿದಿತ್ತು, 40 ದಿನಗಳವರೆಗೆ. ಸ್ಕೂಟರ್ ಎಲ್ಲಿ ನಿಲ್ಲಿಸಿದೆ ಅಂತ ಸಂಜೆಗೇ ಮರೆಯುವವನು ನಾನು.

ಈ ಬಾತಿಗೋಬಿಯಸ್ ಕುಲವನ್ನು ಚೆನ್ನಾಗಿ ನೆನಪಿಡಿ. ಉಷ್ಣವಲಯದ ಎಲ್ಲ ಸಮುದ್ರಗಳ ಗುಂಡಿಗಳಲ್ಲೂ ಇದರ ಒಬ್ಬ ಪ್ರತಿನಿಧಿ ಸಿಕ್ಕೇ ಸಿಗುತ್ತಾನೆ. ಗುರುತು ಪಕ್ಕದ ರೆಕ್ಕೆಯಲ್ಲಿದೆ. ಆ ರೆಕ್ಕೆಯ ಮೇಲಿನ ಕೆಲವು ಕಡ್ಡಿಗಳು ಪರದೆಗೆ ಅಂಟಿಕೊಳ್ಳದೆ ಬಿಡಿಬಿಡಿಯಾಗಿ ರೇಷ್ಮೆ ಎಳೆಗಳಂತೆ ನಿಂತಿರುತ್ತವೆ. ಕೆದರಿದ ಕೂದಲು ಅಂದುಕೊಳ್ಳಿ. ಮೊದಲ ಬೆನ್ನಿನ ರೆಕ್ಕೆಯಲ್ಲಿ 6 ಮುಳ್ಳು, ಎರಡನೆಯದರಲ್ಲಿ ಒಂದು ಮುಳ್ಳು ಮತ್ತು ಸಾಮಾನ್ಯವಾಗಿ 9 ಮೆತ್ತನೆಯ ಕಡ್ಡಿ. 1878ರಲ್ಲಿ ಈ ಕುಲಕ್ಕೆ ಹೆಸರಿಟ್ಟವನು ಪೀಟರ್ ಬ್ಲೀಕರ್. ಇಂಡೋನೇಷ್ಯದ ಕಡೆ ಡಚ್ ಸೈನ್ಯದ ವೈದ್ಯನಾಗಿದ್ದುಕೊಂಡು ಸಾವಿರಕ್ಕೂ ಹೆಚ್ಚು ಮೀನುಗಳನ್ನು ಮೊದಲ ಬಾರಿಗೆ ವಿವರಿಸಿದ ಮನುಷ್ಯ. ಹೆಸರಿನಲ್ಲಿರುವ ‘ಬಾತಿ’ ಬಂದಿದ್ದು ಗ್ರೀಕಿನ ಆಳ ಎಂಬ ಪದದಿಂದ. ಮೊಣಕಾಲುದ್ದ ನೀರಿನ ಮೀನಿಗೆ!

ಇನ್ನು ಕೆಲವನ್ನು ಬೇಗ ಮುಗಿಸುತ್ತೇನೆ. ಬೆನ್ನಿನ ಮೇಲೆ ಎರಡಲ್ಲ, ಮೂರು ರೆಕ್ಕೆ ಕಂಡರೆ ಅದು ಟ್ರಿಪಲ್‌ಫಿನ್. ಮೂರ್ನಾಲ್ಕು ಸೆಂಟಿಮೀಟರ್ ಮೀನು, ಮೈಮೇಲೆ ಹುರುಪೆ ಇರುತ್ತದೆ. ಹೊಟ್ಟೆಯ ಕೆಳಗೆ ಗೋಬಿಯದಕ್ಕಿಂತ ದೊಡ್ಡ ಅಂಟುಬಟ್ಟಲು, ಬೆನ್ನಿನ ಒಂದೇ ರೆಕ್ಕೆ ತೀರಾ ಹಿಂದೆ, ಹುರುಪೆ ಇಲ್ಲ, ಅಂದರೆ ಕ್ಲಿಂಗ್‌ಫಿಷ್. ಪಕ್ಕದ ರೆಕ್ಕೆಯೇ ಇಲ್ಲದೆ ಹಾವಿನಂತಿದ್ದರೆ ಮೋರೆ ಈಲ್‌ನ ಮರಿ, ಅದರ ಹತ್ತಿರ ಬೆರಳು ಬೇಡ. ಗೋಬಿಗಳಲ್ಲೂ ಎವಿಯೋಟ ಎಂಬ ಒಂದು ಕುಲವಿದೆ, ಎರಡು ಸೆಂಟಿಮೀಟರ್ ದಾಟಿದರೆ ಹೆಚ್ಚು. ಅದರಲ್ಲಿ ಹೊಟ್ಟೆಯ ರೆಕ್ಕೆಗಳು ಬಟ್ಟಲಾಗಿ ಕೂಡಿರುವುದಿಲ್ಲ. ನಿಯಮ ಹೇಳಿಕೊಟ್ಟ ತಕ್ಷಣ ಅದನ್ನು ಮುರಿಯುವ ಮೀನೊಂದು ಬಂದೇ ಬರುತ್ತದೆ.

ತಳದಲ್ಲಿ ಕೂರದ ಮೀನುಗಳು

ನೀರಿನ ನಡುವೆ ತೇಲಿಕೊಂಡು ಓಡಾಡುವ, ಪಕ್ಕದಿಂದ ಒತ್ತಿದಂತಿರುವ ತಟ್ಟೆಮೈಯ ಮೀನು ಕಂಡರೆ ಅದು ಬೇರೆ ಲೆಕ್ಕ. ಅವು ಸಾಮಾನ್ಯವಾಗಿ ಮರಿಗಳು. ದೊಡ್ಡವಾದ ಮೇಲೆ ಆಚೆ ಹೋಗುತ್ತವೆ, ಸದ್ಯಕ್ಕೆ ಗುಂಡಿ ಅವುಗಳ ಶಿಶುವಿಹಾರ.

ಹೆಚ್ಚು ಸಿಗುವುದು ಡ್ಯಾಮ್ಸೆಲ್ ಮೀನುಗಳ ಮರಿ. ಇವುಗಳಿಗೆ ಒಂದು ಚಂದದ ಗುರುತಿದೆ. ಹೆಚ್ಚಿನ ಮೀನುಗಳಿಗೆ ಮುಖದ ಒಂದೊಂದು ಬದಿಗೆ ಎರಡೆರಡು ಮೂಗಿನ ರಂಧ್ರ. ಬಹುತೇಕ ಡ್ಯಾಮ್ಸೆಲ್‌ಗಳಿಗೆ ಒಂದೊಂದೇ. ಫೋಟೊ ಸ್ಪಷ್ಟವಾಗಿದ್ದರೆ ದೊಡ್ಡದು ಮಾಡಿ ಎಣಿಸಿ. ಅಬುಡೆಫ್‌ಡಫ್ ಸಾರ್ಡಿಡಸ್ ಎಂಬುದರ ಮರಿಗಳು ಹಿಂದೂ ಮತ್ತು ಪೆಸಿಫಿಕ್ ಮಹಾಸಾಗರಗಳ ಗುಂಡಿಗಳಲ್ಲಿ ಸಾಮಾನ್ಯ. ಇದರಲ್ಲಿ ಚುಕ್ಕಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬಾಲ ಶುರುವಾಗುವ ಮುಂಚೆ, ಮೈ ಸಪೂರಾಗುವ ಕಡೆ, ಮೇಲ್ಭಾಗದಲ್ಲಿ ತಡಿ ಹಾಕಿದಂತೆ ಒಂದು ದಪ್ಪ ಕಪ್ಪು ಮಚ್ಚೆ.

ಸ್ಟೆಗಾಸ್ಟಿಸ್ ಕುಲದ ಡ್ಯಾಮ್ಸೆಲ್ ಮರಿಗಳು ಇನ್ನೊಂದು ಆಟ ಆಡುತ್ತವೆ. ಮರಿಯಾಗಿದ್ದಾಗ ಹೊಳೆಯುವ ನೀಲಿ, ಹಳದಿ, ಬೆನ್ನಿನ ರೆಕ್ಕೆಯಲ್ಲಿ ಕಣ್ಣಿನಂಥ ಕಪ್ಪು ಚುಕ್ಕಿ. ಬೆಳೆದಂತೆ ಬಣ್ಣ ಮಾಸಿ, ಎಷ್ಟೋ ಪ್ರಭೇದಗಳಲ್ಲಿ ಚುಕ್ಕಿಯೂ ಅಳಿಸಿ, ಕೊನೆಗೆ ಮಣ್ಣು ಬಣ್ಣದ ಸಿಡುಕು ಮೀನಾಗುತ್ತದೆ. ಪುಸ್ತಕದಲ್ಲಿ ದೊಡ್ಡ ಮೀನಿನ ಚಿತ್ರ ಮಾತ್ರ ಇದ್ದರೆ ಮರಿಯನ್ನು ನೀವು ಎಷ್ಟು ಹುಡುಕಿದರೂ ಸಿಗದು.

ಗ್ರೂಪರ್ ಮರಿಗಳೂ ಗುಂಡಿಗೆ ಬರುತ್ತವೆ. ಮೈತುಂಬ ಚುಕ್ಕಿ, ಆದರೆ ಬಾಯಿ ನೋಡಿದರೆ ಸಾಕು. ಅಷ್ಟು ಚಿಕ್ಕ ಮೀನಿಗೆ ಅಷ್ಟು ದೊಡ್ಡ ಬಾಯಿ. ಹಾಕ್‌ಫಿಷ್ ತಳದಲ್ಲಿ ಕೂರುವ ಮೀನೇ, ಆದರೂ ಇಲ್ಲೇ ಹೇಳಿಬಿಡುತ್ತೇನೆ: ಪಕ್ಕದ ರೆಕ್ಕೆಯ ಕೆಳಗಿನ ಕಡ್ಡಿಗಳು ಬೆರಳಿನಂತೆ ದಪ್ಪ, ಬೆನ್ನಿನ ಮುಳ್ಳುಗಳ ತುದಿಗೆ ಸಣ್ಣ ಕುಚ್ಚು.

ಈಗ ಚುಕ್ಕಿ

ಕುಟುಂಬ ಗೊತ್ತಾಯಿತು, ಸಮುದ್ರ ಗೊತ್ತಾಯಿತು. ಈಗ ಬೆರಳು ತೆಗೆದು ಚುಕ್ಕಿ ನೋಡಬಹುದು. ಆಗ ಅದು ಬಹಳ ಹೇಳುತ್ತದೆ. ಆದರೆ ‘ಚುಕ್ಕಿ ಇದೆ’ ಅಂದರೆ ಸಾಲದು.

ಚುಕ್ಕಿ ಮೈಗಿಂತ ಕಪ್ಪೋ, ಬಿಳುಪೋ? ಕೆರಿಬಿಯನ್ ಗುಂಡಿಗಳ ಎಂಟೊಮ್ಯಾಕ್ರೋಡಸ್ ನಿಗ್ರಿಕಾನ್ಸ್ ಎಂಬ ಬ್ಲೆನಿಗೆ ಇಂಗ್ಲಿಷ್‌ನಲ್ಲಿ ‘ಮುತ್ತಿನ ಬ್ಲೆನಿ’ ಅಂತಲೇ ಹೆಸರು, ಮೈಮೇಲಿನ ತಿಳಿ ಚುಕ್ಕಿಗಳಿಂದಾಗಿ. ದೊಡ್ಡದೋ ಚಿಕ್ಕದೋ ಅನ್ನುವುದನ್ನು ಮೀನಿನ ಕಣ್ಣಿನ ಪಾಪೆಗೆ ಹೋಲಿಸಿ ಬರೆಯಿರಿ. ‘ಪಾಪೆಯ ಅರ್ಧದಷ್ಟು’ ಅಂದರೆ ಎಲ್ಲರಿಗೂ ಒಂದೇ ಅರ್ಥ, ‘ಸಣ್ಣ ಚುಕ್ಕಿ’ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಚುಕ್ಕಿಗಳು ಸಾಲಾಗಿವೆಯೋ, ಚೆಲ್ಲಾಪಿಲ್ಲಿಯೋ? ಗೋಬಿಗಳಲ್ಲಿ ಎಷ್ಟೋ ಸಲ ಹುರುಪೆಯ ಸಾಲಿಗೆ ಸರಿಯಾಗಿ ಒಂದೊಂದು ಕೂತಿರುತ್ತದೆ. ಸುತ್ತ ತಿಳಿ ಬಣ್ಣದ ಉಂಗುರ ಇದೆಯೋ? ತಲೆಯ ಮೇಲೆ ಮಾತ್ರವೋ, ಬಾಲದವರೆಗೋ? ರೆಕ್ಕೆಗಳ ಮೇಲೂ ಇದೆಯೋ?

ಕೊನೆಯದನ್ನು ಜನ ಮರೆಯುತ್ತಾರೆ. ನನ್ನ ಅನುಭವದಲ್ಲಿ ಮೈಮೇಲಿನ ಚುಕ್ಕಿಗಿಂತ ರೆಕ್ಕೆಯ ಮೇಲಿನದ್ದು ನಂಬಿಕಸ್ಥ. ಮೈ ಬಿಳಿಚಿಕೊಂಡಾಗಲೂ ಅದು ಹಾಗೇ ನಿಲ್ಲುವುದು ಜಾಸ್ತಿ. ಮತ್ತೆ, ಸಂಗ್ರಹಾಲಯದ ಸೀಸೆಯಲ್ಲಿ ಹಳೆಯ ಮೀನು ನೋಡಿ ಹೋಲಿಸುವವರಿಗೆ ಒಂದು ಮಾತು. ಆಲ್ಕೋಹಾಲ್‌ನಲ್ಲಿ ಕೆಂಪು, ಹಳದಿ ಬಣ್ಣಗಳು ಬೇಗ ಕರಗಿ ಹೋಗುತ್ತವೆ, ಕಪ್ಪು ಮಾತ್ರ ಉಳಿಯುತ್ತದೆ. ಬ್ಲೆನಿಯೆಲ್ಲ ಕ್ರೈಸೋಸ್ಪೈಲೋಸ್ ಎಂಬ ಬ್ಲೆನಿಯ ಗುರುತೇ ತಲೆಯ ಮೇಲಿನ ಕೆಂಪು ಚುಕ್ಕಿಗಳು. ಸೀಸೆಯಲ್ಲಿ ಅವನ್ನು ಹುಡುಕಿ ಸಿಗಲಿಲ್ಲವೆಂದು ಬೇರೆ ಹೆಸರು ಕೊಟ್ಟುಬಿಡಬೇಡಿ.

ಎಲ್ಲಿ ನಿಲ್ಲಿಸಬೇಕು

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದೇ ಗುಂಡಿಯ ಮೀನೊಂದಕ್ಕೆ ನಾನು ಎರಡು ವರ್ಷ ತಪ್ಪು ಹೆಸರು ಬರೆದಿದ್ದೆ. ಕುಲ ಸರಿ, ಬಾತಿಗೋಬಿಯಸ್ಸೇ. ಪ್ರಭೇದ ಮಾತ್ರ ಚಿತ್ರಪುಸ್ತಕದಲ್ಲಿ ‘ಹೀಗೇ ಕಾಣುತ್ತೆ’ ಅಂತ ಆರಿಸಿದ್ದು. ಆಮೇಲೆ ಈ ಕುಲದ ಬಗ್ಗೆ ಓದಿದಾಗ ತಿಳಿಯಿತು, ಇವುಗಳನ್ನು ಬೇರ್ಪಡಿಸುವುದು ಬಣ್ಣದಿಂದಲ್ಲ. ಪಕ್ಕದ ರೆಕ್ಕೆಯಲ್ಲಿ ಒಟ್ಟು ಎಷ್ಟು ಕಡ್ಡಿ, ಅದರಲ್ಲಿ ಎಷ್ಟು ಬಿಡಿ, ತಲೆಯ ಹಿಂದೆ ಹುರುಪೆ ಎಲ್ಲಿಯವರೆಗೆ ಬಂದಿದೆ, ಗದ್ದದ ಕೆಳಗಿನ ಚರ್ಮದ ಮಡಿಕೆಯ ಆಕಾರ ಹೇಗಿದೆ, ಇಂಥವು. ನನ್ನ ಒಂದು ಫೋಟೊದಲ್ಲೂ ಗದ್ದ ಇರಲಿಲ್ಲ. ಗದ್ದದ ಫೋಟೊ ಯಾರು ತೆಗೆಯುತ್ತಾರೆ ಹೇಳಿ!

ಇದರಲ್ಲಿ ತಜ್ಞರೂ ಎಡವಿದ್ದಾರೆ. ಪಶ್ಚಿಮ ಅಟ್ಲಾಂಟಿಕ್‌ನ ಬಾತಿಗೋಬಿಯಸ್‌ಗಳ ಡಿಎನ್ಎ ನೋಡಿದ ಸಂಶೋಧಕರು 2010ರಲ್ಲಿ ಎರಡು ಹೊಸ ಪ್ರಭೇದಗಳನ್ನು ವಿವರಿಸಿದರು, ಆಂಟಿಲಿಯೆನ್ಸಿಸ್ ಮತ್ತು ಜೆಮಿನೇಟಸ್. ದೂರದ ಆಳ ಸಮುದ್ರದಿಂದ ಬಂದವಲ್ಲ. ಜನ ಕಾಲಿಡುವ ತೀರದಲ್ಲೇ ಹಳೆಯ ಹೆಸರುಗಳ ಅಡಿಯಲ್ಲಿ ಅಡಗಿಕೊಂಡಿದ್ದವು. ಅವರು ಬಳಸಿದ್ದು ಡಿಎನ್ಎ ಬಾರ್‌ಕೋಡ್ ಅಂತಾರಲ್ಲ, ಅದನ್ನು. ಒಂದೇ ಜೀನಿನ ಸುಮಾರು 650 ಅಕ್ಷರಗಳನ್ನು ಓದಿ ಹೋಲಿಸುವ ವಿಧಾನ, 2003ರಲ್ಲಿ ಕೆನಡದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮುಂದಿಟ್ಟದ್ದು.

ಹಾಗಾಗಿ ಫೋಟೊದಿಂದ ಕುಲದವರೆಗೆ ಹೋಗಿ ಅಲ್ಲಿ ನಿಂತರೆ ನಾಚಿಕೆ ಬೇಡ. ‘ಬಾತಿಗೋಬಿಯಸ್, ಪ್ರಭೇದ ತಿಳಿಯದು’ ಎಂದು ಬರೆದಿಟ್ಟ ದಾಖಲೆ ಹತ್ತು ವರ್ಷ ಬಿಟ್ಟು ನೋಡಿದರೂ ಸರಿ ಇರುತ್ತದೆ. ಸುಮ್ನೆ ಊಹಿಸಿ ಬರೆದ ಪೂರ್ತಿ ಹೆಸರು ಇನ್ನೊಬ್ಬರ ನಕ್ಷೆಗೆ ಸೇರಿ, ಅಲ್ಲಿಂದ ಮತ್ತೊಬ್ಬರ ಪಟ್ಟಿಗೆ ಸೇರಿ, ಕೊನೆಗೆ ಆ ಮೀನು ಅಲ್ಲೇ ಇದೆ ಅಂತ ಆಗಿಬಿಡುತ್ತದೆ.

ಫೋಟೊ, ಕೈ, ಕಾಲು

ಹವಾಯಿಯ ಜಾನ್ ರಾಂಡಲ್ ಎಂಬ ಮೀನುತಜ್ಞ ಇದ್ದರು, 1924ರಿಂದ 2020ರವರೆಗೆ ಬದುಕಿದವರು. 800ಕ್ಕೂ ಹೆಚ್ಚು ಹೊಸ ಮೀನುಗಳನ್ನು ವಿವರಿಸಿದವರು. ಹಿಡಿದ ಮೀನಿನ ರೆಕ್ಕೆಗಳನ್ನು ಪಿನ್ ಹಾಕಿ ಬಿಡಿಸಿ, ಫಾರ್ಮಲಿನ್ ಸವರಿ ಗಟ್ಟಿ ಮಾಡಿ, ಬಣ್ಣ ಹೋಗುವ ಮುಂಚೆ ಫೋಟೊ ತೆಗೆಯುವ ಅವರ ಕ್ರಮ ಹೆಸರಾಗಿದೆ. ನಾವು ಮೀನನ್ನು ಸಾಯಿಸಬೇಕಿಲ್ಲ, ಆದರೆ ಅವರ ತತ್ವ ಸರಿ: ರೆಕ್ಕೆ ಬಿಚ್ಚಿರಬೇಕು, ಮೀನು ಪೂರ್ತಿ ಪಕ್ಕಕ್ಕೆ ಇರಬೇಕು. ಎರಡು ಗಾಜಿನ ಹಲಗೆ ಹತ್ತಿರ ಹತ್ತಿರ ಇಟ್ಟು ಮಾಡಿದ ಕಿರಿದಾದ ತೊಟ್ಟಿ ಸಾಕು, ಮೀನು ಅದರಲ್ಲಿ ಪಕ್ಕಕ್ಕಲ್ಲದೆ ನಿಲ್ಲುವುದಿಲ್ಲ. ಗಾಜಿನ ಮೇಲೆ ಒಂದು ಸ್ಕೇಲ್ ಅಂಟಿಸಿ. ಅಳತೆ ಮೂತಿಯಿಂದ ಬಾಲದ ರೆಕ್ಕೆಯ ಬುಡದವರೆಗೆ ತೆಗೆಯಿರಿ, ಬಾಲದ ತುದಿ ಹರಿದಿರುವುದು ಜಾಸ್ತಿ. ಒಂದು ಫೋಟೊ ಪಕ್ಕದಿಂದ, ಒಂದು ಮೇಲಿನಿಂದ, ಒಂದು ಕೆಳಗಿನಿಂದ. ಗದ್ದ ಮರೆಯಬೇಡಿ.

ಹಿಡಿಯುವ ಮುಂಚೆಯೇ, ಗುಂಡಿಯಲ್ಲಿದ್ದಾಗ ಒಂದು ಫೋಟೊ ತೆಗೆದುಕೊಳ್ಳಿ, ಬಣ್ಣಕ್ಕೆ ಅದೇ ಸಾಕ್ಷಿ. ನೀರಿನ ಮೇಲೆ ಬೆಳಕು ಹೊಳೆದು ಏನೂ ಕಾಣದಿದ್ದರೆ ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ. ಸಂರಕ್ಷಿತ ತೀರವಾದರೆ ಹಿಡಿಯಲು ಅನುಮತಿ ಬೇಕಾಗಬಹುದು, ಕೇಳಿಕೊಳ್ಳಿ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಗುಂಡಿಗೆ ಅದ್ದಬೇಡಿ. ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಮೈಯ ಲೋಳೆ ಕಿತ್ತುಬರುತ್ತದೆ. ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಹಿಡಿದ ಗುಂಡಿಗೇ ವಾಪಸ್ ಬಿಡಿ. ಆ ಜಾಗ ಅದಕ್ಕೆ ಬಾಯಿಪಾಠ.

ಕಾಲಿಗೆ ದಪ್ಪ ಅಟ್ಟೆಯ ಬೂಟು ಇರಲಿ. ಹಿಂದೂ ಮತ್ತು ಪೆಸಿಫಿಕ್ ಮಹಾಸಾಗರಗಳ ತೀರದಲ್ಲಿ ಸ್ಟೋನ್‌ಫಿಷ್ ಕಲ್ಲಿನಂತೆಯೇ ಬಿದ್ದಿರುತ್ತದೆ. ಬೆನ್ನಿನ ಮುಳ್ಳಿನಲ್ಲಿ ಕಡು ವಿಷ. ಸ್ಕಾರ್ಪಿಯನ್‌ಫಿಷ್ ಮರಿಗಳೂ ಗುಂಡಿಗೆ ಬರುತ್ತವೆ, ಅವಕ್ಕೂ ಚುಕ್ಕಿ, ಮಚ್ಚೆ ಎಲ್ಲ ಇದೆ. ಆ ಕಡೆಯ ಗುಂಡಿಗಳಲ್ಲೇ ನೀಲಿ ಉಂಗುರಗಳ ಪುಟ್ಟ ಆಕ್ಟೋಪಸ್ ಕೂಡ ಸಿಗಬಹುದು. ಮೀನಲ್ಲ, ಆದರೆ ಚುಕ್ಕಿ ನೋಡಿ ಕೈ ಹಾಕುವವರಿಗಾಗಿ ಹೇಳಿದೆ, ಅದರ ಕಡಿತ ಪ್ರಾಣ ತೆಗೆಯಬಲ್ಲದು. ಗುರುತು ಸಿಗುವವರೆಗೆ ಬರಿಗೈ ಬೇಡ. ಬೆನ್ನು ಸಮುದ್ರಕ್ಕೆ ಮಾಡಿ ಕೂರಬೇಡಿ. ಇಳಿತ ಪೂರ್ತಿಯಾಗುವ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗಿದ ಕೂಡಲೇ ಹೊರಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಸಮುದ್ರ ಹೆಚ್ಚು ದೂರ ಇಳಿಯುತ್ತದೆ, ಅಷ್ಟೇ ಮೇಲಕ್ಕೂ ಬರುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಕೂತವರು, ಹೇಳಿ ಮೇಡಂ.

‘ಸರ್, ಫೋಟೊ ಹಾಕಿದರೆ ಆ್ಯಪ್‌ಗಳೇ ಹೆಸರು ಹೇಳುತ್ತವಲ್ಲ, ಇಷ್ಟೆಲ್ಲ ಯಾಕೆ?’

ಒಳ್ಳೆಯ ಪ್ರಶ್ನೆ. ಐನ್ಯಾಚುರಲಿಸ್ಟ್ ಎಂಬ ಆ್ಯಪ್ ನಾನೂ ಬಳಸುತ್ತೇನೆ. ಕುಟುಂಬದವರೆಗೆ ಬಹಳ ಸಲ ಸರಿಯಾಗಿ ಕರೆದೊಯ್ಯುತ್ತದೆ. ಅಲ್ಲಿ ನಿಮ್ಮ ಫೋಟೊ ನೋಡಿ ತಿದ್ದುವ ಮನುಷ್ಯರೂ ಇದ್ದಾರೆ, ಅದೇ ದೊಡ್ಡ ಲಾಭ. ಆದರೆ ಮೀನಿನ ಮೈಯ ಮಟ್ಟಿಗೆ ಯಂತ್ರ ನೋಡುವುದು ಫೋಟೊದಲ್ಲಿ ಇರುವುದನ್ನು ಮಾತ್ರ. ಗದ್ದ ತೋರಿಸದಿದ್ದರೆ ಅದಕ್ಕೂ ಗದ್ದ ಗೊತ್ತಿಲ್ಲ.

ಇನ್ನೊಂದು ಕೈ ಎತ್ತಿದೆ, ಹೇಳಿ.

‘ಮೊದಲು ತೋರಿಸಿದ ಮೀನಿನ ಹೆಸರು ನೀವು ಹೇಳಲೇ ಇಲ್ಲವಲ್ಲ?’

ಹೌದಲ್ಲ! ಮತ್ತೆ ಹಾಕುತ್ತೇನೆ. ಈಗ ನೀವೇ ನೋಡಿ. ಬೆನ್ನಿನ ಮೇಲೆ ಎರಡು ರೆಕ್ಕೆ, ನಡುವೆ ಸಂದು. ಕಣ್ಣಿನ ಮೇಲೆ ಕುಚ್ಚಿಲ್ಲ. ಪಕ್ಕದ ರೆಕ್ಕೆಯ ಮೇಲ್ಭಾಗವನ್ನು ದೊಡ್ಡದು ಮಾಡುತ್ತೇನೆ, ಆ ಕೆದರಿದ ಎಳೆಗಳು ಕಂಡವಾ? ಬಾತಿಗೋಬಿಯಸ್. ಎಲ್ಲಿಯದು ಎಂದು ಕೇಳಿದ್ದಕ್ಕೆ ಹಿಂದೂ ಮಹಾಸಾಗರದ ಒಂದು ದ್ವೀಪ ಎಂದು ಉತ್ತರ ಬಂತು. ಹಾಗಾಗಿ ಅಟ್ಲಾಂಟಿಕ್‌ನ ಸೊಪೊರೇಟರ್ ಅಲ್ಲ. ಅದೇ ಕುಲದ ಫಸ್ಕಸ್ ಇರಬಹುದು, ಕೋಕೋಸೆನ್ಸಿಸ್ ಇರಬಹುದು, ಇನ್ನೂ ಒಂದೆರಡು ಇರಬಹುದು. ಆ ಗುಂಡಿಗೆ ಮತ್ತೆ ಹೋದಾಗ ಗಾಜಿನ ಡಬ್ಬ ಒಯ್ದು ಕೆಳಗಿನಿಂದ ಒಂದು ಫೋಟೊ ತೆಗೆಯಿರಿ ಅಂತ ಬರೆದಿದ್ದೇನೆ. ಇನ್ನೂ ಬಂದಿಲ್ಲ.